ಮಳೆಯ ಲೆಕ್ಕದ ಪುಸ್ತಕ ಕಲಿಸಿದ ಪಾಠ

ಕೊಡಗಿನ ಕಾಫಿ ತೋಟದ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಲೆಕ್ಕದ ಪುಸ್ತಕಗಳಿರುತ್ತವೆ. ಒಂದು ಹಣದ್ದು, ಇನ್ನೊಂದು ಮಳೆಯದು. ಹಣದ ಪುಸ್ತಕವನ್ನು ವರ್ಷ ಕಳೆದ ಮೇಲೆ ಯಾರೂ ತೆರೆದು ನೋಡುವುದಿಲ್ಲ. ಮಳೆಯ ಪುಸ್ತಕವನ್ನಾದರೋ ಮಕ್ಕಳು ಮೊಮ್ಮಕ್ಕಳೂ ತೆಗೆದು ನೋಡುತ್ತಾರೆ. ಲಿಂಗೈಕ್ಯರಾದ ನಮ್ಮ ತಂದೆಯವರು ದಿನವೂ ಬೆಳಿಗ್ಗೆ ಪೂಜೆ ಮುಗಿಸಿ, ಅಂಗಳದಾಚೆಯ ಕಲ್ಲುಕಂಬದ ಮೇಲಿದ್ದ ಮಳೆಮಾಪಕದ ನೀರನ್ನು ಗಾಜಿನ ಅಳತೆಯ ಕೊಳವೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಎಷ್ಟು ಇಂಚು, ಎಷ್ಟು ಸೆಂಟು ಎಂದು ಬರೆದಿಡುತ್ತಿದ್ದರು. ಒಂದು ಇಂಚಿಗೆ ನೂರು ಸೆಂಟು. ಸರ್ಕಾರದ ಲೆಕ್ಕ ಮಿಲಿಮೀಟರಿಗೆ ಬಂದು ಎಷ್ಟೋ ವರ್ಷಗಳಾದರೂ ನಮ್ಮ ಕಡೆಯ ಬೆಳೆಗಾರರ ಮಾತು ಇಂದಿಗೂ ಇಂಚು, ಸೆಂಟುಗಳಲ್ಲಿಯೇ ನಡೆಯುತ್ತದೆ. ಮಳೆ ಬಾರದ ದಿನ ಅವರು ಪುಸ್ತಕದಲ್ಲಿ ಒಂದು ಅಡ್ಡಗೆರೆ ಎಳೆಯುತ್ತಿದ್ದರು. ಊರಿನಲ್ಲಿಲ್ಲದೆ ಅಳೆಯಲಾಗದ ದಿನ ಆ ಜಾಗವನ್ನು ಖಾಲಿ ಬಿಡುತ್ತಿದ್ದರು. ಈ ಎರಡರ ನಡುವಣ ಅಂತರವೇನೆಂಬುದನ್ನು ನಾವು ಬಹಳ ತಡವಾಗಿ ಅರಿತೆವು. ಆ ಕಥೆಯನ್ನೇ ಓದುಗ ಬಂಧುಗಳ ಮುಂದೆ ಇಡಬೇಕೆಂದು ಈ ಬರಹ.

ನಾವು ಎಂದರೆ ನಾವಿಬ್ಬರು ದಂಪತಿಗಳು. ಸೋಮವಾರಪೇಟೆಯಿಂದ ಶಾಂತಳ್ಳಿಯ ಕಡೆಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ತೋಟ. ನಮ್ಮಲ್ಲೊಬ್ಬರು ಪ್ರೌಢಶಾಲೆಯಲ್ಲಿ ಗಣಿತ ಪಾಠ ಹೇಳಿ ನಿವೃತ್ತರಾದವರು. ಇನ್ನೊಬ್ಬರು ಆ ವರ್ಷಗಳಲ್ಲೆಲ್ಲ ಮನೆ, ತೋಟ, ಆಳುಗಳ ಬಟವಾಡೆ ಎಲ್ಲವನ್ನೂ ನಡೆಸಿದವರು. ಗಣಕಯಂತ್ರದ ವಿದ್ಯೆ ನಮ್ಮಿಬ್ಬರಲ್ಲಿ ಯಾರಿಗೂ ಇರಲಿಲ್ಲ. ಅಂಥ ನಾವು ಅರವತ್ತರ ಆಸುಪಾಸಿನಲ್ಲಿ, ಫೋನಿನಲ್ಲಿ ತೆರೆದು ಮಳೆಯ ಲೆಕ್ಕ ಬರೆಯಬಹುದಾದ ಒಂದು ವೆಬ್ ಅಪ್ಲಿಕೇಶನ್ ಕಟ್ಟಲು ಕುಳಿತೆವು.

ಮಳೆಯ ಲೆಕ್ಕ ಏಕೆ ಅಷ್ಟು ಮುಖ್ಯವೆಂದು ಬಯಲುಸೀಮೆಯ ಬಂಧುಗಳು ಕೇಳಬಹುದು. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಬೀಳುವ ಹೂಮಳೆಯಿಂದ ಕಾಫಿಯ ಮೊಗ್ಗು ಅರಳುತ್ತದೆ. ಅದಾದ ಎರಡು ಮೂರು ವಾರಗಳಲ್ಲಿ ಇನ್ನೊಂದು ಮಳೆ ಬಾರದಿದ್ದರೆ, ಅದರಲ್ಲೂ ರೊಬಸ್ಟಾದಲ್ಲಿ, ಕಾಯಿ ಕಚ್ಚುವುದು ಕಡಿಮೆಯಾಗುತ್ತದೆ. ಈ ಎರಡನೆಯದನ್ನು ಬೆಳೆಗಾರರು ಬ್ಯಾಕಿಂಗ್ ಮಳೆ ಎನ್ನುತ್ತಾರೆ. ಮಳೆ ಯಾವ ದಿನ ಎಷ್ಟು ಬಿತ್ತೆಂಬುದನ್ನು ನೋಡಿಯೇ ಸ್ಪ್ರಿಂಕ್ಲರ್ ಹಾಕಬೇಕೋ ಬೇಡವೋ ಎಂದು ತೀರ್ಮಾನಿಸಬೇಕು. ಗೊಬ್ಬರ ಹಾಕುವುದಕ್ಕೂ ಮುಂಗಾರಿಗೆ ಮೊದಲು ಬೋರ್ಡೋ ದ್ರಾವಣ ಹೊಡೆಯುವುದಕ್ಕೂ ಮಳೆಯೇ ಪಂಚಾಂಗ.

2018ರ ಆಗಸ್ಟ್ ತಿಂಗಳ ನಂತರ ಈ ಲೆಕ್ಕಕ್ಕೆ ಮತ್ತೊಂದು ಅರ್ಥ ಬಂತು. ಆ ತಿಂಗಳ ನಡುವಿನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ, ಮಾದಾಪುರದ ಕಡೆಗಳಲ್ಲಿ ಗುಡ್ಡಗಳು ಜಾರಿ, ಮನೆ ತೋಟಗಳು ಕಣ್ಣೆದುರೇ ಕೊಚ್ಚಿಹೋದುದನ್ನು ನಾಡೆಲ್ಲ ಬಲ್ಲದು. ಮರುವರ್ಷ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಮತ್ತೆ ಗುಡ್ಡ ಕುಸಿಯಿತು. ದಿನಗಟ್ಟಲೆ ಸುರಿದ ನೀರನ್ನು ಕುಡಿದು ಕುಡಿದು ಮಣ್ಣು ಭಾರವಾಗಿ, ಕೊನೆಗೊಮ್ಮೆ ತನ್ನ ಹಿಡಿತ ಬಿಡುತ್ತದೆ. ಆದಕಾರಣ ಒಂದು ದಿನದ ಮಳೆಗಿಂತ ಹಿಂದಿನ ನಾಲ್ಕೈದು ದಿನಗಳ ಒಟ್ಟು ಮಳೆಯೇ ಗುಡ್ಡದ ಬದಿಯವರಿಗೆ ಹೆಚ್ಚು ಬೇಕಾದ ಲೆಕ್ಕವಾಯಿತು. ಆ ವರ್ಷ ನಮ್ಮ ಮನೆಗೆ ದೊಡ್ಡ ಹಾನಿಯಾಗಲಿಲ್ಲ. ಉಗ್ರಾಣದ ಗೋಡೆ ಕುಸಿದು ಒಳಗಿದ್ದ ಸಾಮಾನು ನೆನೆಯಿತು, ಅಷ್ಟೆ. ಆ ಸಾಮಾನಿನೊಳಗೆ ತಂದೆಯವರ ಮಳೆ ಪುಸ್ತಕಗಳೂ ಇದ್ದವು. ಮೂರು ಪುಸ್ತಕಗಳು ಹಿಟ್ಟಿನ ಮುದ್ದೆಯಂತಾಗಿ, ಶಾಯಿ ಎಲ್ಲವೂ ನೀಲಿ ನೀರಾಗಿ ಹರಿದುಹೋಗಿತ್ತು. ಉಳಿದವುಗಳನ್ನು ಒಲೆಯ ಮೇಲಣ ಅಟ್ಟದಲ್ಲಿ ಹರಡಿ ಒಣಗಿಸಿದೆವು. ಅವನ್ನು ಹೇಗಾದರೂ ಮಾಡಿ ನಾಳೆಯವರಿಗೆ ಉಳಿಸಬೇಕೆಂಬ ಸಂಕಲ್ಪ ಹುಟ್ಟಿದ್ದು ಆಗಲೇ.

ಅವಕಾಶ ಒದಗಿದ್ದು 2020ರ ಮಾರ್ಚಿಯಲ್ಲಿ. ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ನಮ್ಮ ಮಗಳು ಊರಿಗೆ ಬಂದಳು. ಆ ದಿನಗಳಲ್ಲಿ ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತುವುದು ಜಿಲ್ಲೆಯ ಎಲ್ಲ ಮಕ್ಕಳ ಪಾಡಾಗಿತ್ತು. ಶನಿವಾರಸಂತೆಯ ಬಳಿಯ ಮುಳ್ಳೂರಿನ ಸರ್ಕಾರಿ ಶಾಲೆಯ ಮೇಷ್ಟರೊಬ್ಬರು ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡು ಅಲ್ಲಿಂದಲೇ ಮಕ್ಕಳಿಗೆ ಪಾಠ ಹೇಳಿದ ಸುದ್ದಿ ಪತ್ರಿಕೆಗಳಲ್ಲಿ ಬಂದುದು ಹಲವರಿಗೆ ನೆನಪಿರಬಹುದು. ನಮ್ಮ ಮಗಳೂ ತೋಟದ ಮೇಲ್ತುದಿಯ ಹಲಸಿನ ಮರದಡಿ ಮೇಜು ಹಾಕಿಕೊಂಡು ಕುಳಿತಳು. ಮಳೆಯ ಪುಸ್ತಕಕ್ಕೆ ಏನಾದರೂ ಮಾಡಿಕೊಡೆಂದು ನಾವು ಕೇಳಿದಾಗ, "ಅಪ್ಪಾಜಿ, ನಾನು ಮಾಡಿಕೊಟ್ಟರೆ ನಾನು ಹೋದ ಮೇಲೆ ಕೆಟ್ಟುಹೋಗುತ್ತದೆ. ನೀವೇ ಮಾಡಿ, ನಾನು ಹೇಳಿಕೊಡುತ್ತೇನೆ. ಅಮ್ಮನೂ ಕುಳಿತುಕೊಳ್ಳಲಿ," ಎಂದಳು. ಶಿಷ್ಯಳು ಗುರುವಾದಳು, ಮೇಷ್ಟರು ಹಿಂದಿನ ಬೆಂಚಿಗೆ ಹೋದರು.

ಮೊದಲ ದಿನ ಅವಳು ಹೇಳಿದ ಮಾತು ಇಂದಿಗೂ ನೆನಪಿದೆ. ಜಾಲದ ಪುಟವೊಂದು ಮನೆಯಿದ್ದಂತೆ. ಎಚ್‌ಟಿಎಂಎಲ್ ಎಂಬುದು ಗೋಡೆ, ಬಾಗಿಲು, ಕಂಬ. ಸಿಎಸ್‌ಎಸ್ ಎಂಬುದು ಸುಣ್ಣ ಬಣ್ಣ, ಹಸೆ, ತೋರಣ. ಜಾವಾಸ್ಕ್ರಿಪ್ಟ್ ಎಂಬುದು ಆ ಮನೆಯೊಳಗೆ ಓಡಾಡುವ ಜನ. ಕರೆದರೆ ಓಗೊಡುವವರು, ಕೇಳಿದ್ದನ್ನು ತಂದುಕೊಡುವವರು ಅವರೇ. ಅವರಿಲ್ಲದ ಮನೆ ಎಷ್ಟು ಚೆಂದವಿದ್ದರೂ ಪಾಳುಮನೆಯೇ.

ಈ ವಿದ್ಯೆ ಬೆಳೆದು ಬಂದ ಬಗೆಯನ್ನೂ ಅವಳು ವಿವರಿಸಿದಳು. ಸ್ವಿಟ್ಜರ್ಲೆಂಡಿನ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ವೆಬ್‌ನ ಯೋಜನೆಯನ್ನು ಮುಂದಿಟ್ಟಾಗ ಅದು ವಿಜ್ಞಾನಿಗಳು ಕಾಗದಪತ್ರ ಹಂಚಿಕೊಳ್ಳುವ ಏರ್ಪಾಡು ಮಾತ್ರ. ಪುಟ ತೆರೆಯುವುದು, ಓದುವುದು, ಇನ್ನೊಂದು ಪುಟಕ್ಕೆ ಹೋಗುವುದು, ಇಷ್ಟೇ. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಎಂಬವರು ಹತ್ತೇ ದಿನಗಳಲ್ಲಿ ಜಾವಾಸ್ಕ್ರಿಪ್ಟಿನ ಮೊದಲ ರೂಪವನ್ನು ಸಿದ್ಧಪಡಿಸಿದರು. ಆದರೂ ಬಹುಕಾಲ ಒಂದು ಗುಂಡಿ ಒತ್ತಿದರೆ ಇಡೀ ಪುಟವೇ ದೂರದ ಗಣಕದಿಂದ ಮತ್ತೆ ಬರಬೇಕಾಗಿತ್ತು. ಕಚೇರಿಯಲ್ಲಿ ಒಂದು ಸಹಿ ಬಿಟ್ಟುಹೋದರೆ ಅರ್ಜಿಯನ್ನೆಲ್ಲ ಹೊಸದಾಗಿ ಬರೆದು ತರಲು ಹೇಳಿದಂತೆ. ಆ ಅಡಚಣೆ ತಪ್ಪಿ, ಪುಟ ನಿಂತಲ್ಲೇ ನಿಂತು ಬೇಕಾದ ತುಣುಕನ್ನಷ್ಟೇ ತರಿಸಿಕೊಳ್ಳುವ ಪದ್ಧತಿ 2004ರ ಜಿಮೇಲ್, 2005ರ ಗೂಗಲ್ ಮ್ಯಾಪ್ಸ್ ಮೂಲಕ ಜನರಿಗೆ ಪರಿಚಯವಾಯಿತು. ನಕ್ಷೆಯನ್ನು ಬೆರಳಿನಿಂದ ಎಳೆದರೆ ಅದು ಜರುಗುವುದು ಈಗ ಮಕ್ಕಳಿಗೂ ಸೋಜಿಗವಲ್ಲ. ಇಂಥ ಸಂಪನ್ನ ಪುಟಗಳನ್ನು ಮಾಡಲು ಬಹಳ ಜನ ನೆಚ್ಚಿದ್ದ ಫ್ಲ್ಯಾಶ್ ಎಂಬ ತಂತ್ರಾಂಶ 2020ರ ಕೊನೆಗೆ ನಿಂತುಹೋಯಿತು. ಇಂದು ಆ ಕೆಲಸವನ್ನೆಲ್ಲ ಬ್ರೌಸರ್ ತಾನೇ ಮಾಡಬಲ್ಲದು.

ಕನ್ನಡದಲ್ಲಿ ಇಂಥದು ಸಾಧ್ಯವೇ ಎಂಬ ನಮ್ಮ ಶಂಕೆಗೆ ಅವಳು 'ವಚನ ಸಂಚಯ'ವನ್ನು ತೆರೆದು ತೋರಿಸಿದಳು. ಓಂಶಿವಪ್ರಕಾಶ್ ಮತ್ತು ಸಂಗಡಿಗರು ಕಟ್ಟಿದ ಆ ತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳಿದ್ದವು. ಒಂದು ಪದ ಬರೆದರೆ ಯಾವ ಯಾವ ಶರಣರು ಆ ಪದವನ್ನು ಎಲ್ಲೆಲ್ಲಿ ಬಳಸಿದ್ದಾರೆಂದು ಸಾಲುಸಾಲಾಗಿ ಬರುತ್ತಿತ್ತು. ಸರ್ಕಾರ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳು ಹದಿನೈದು. ಅವುಗಳಲ್ಲಿ ಒಂದು ಮಾತನ್ನು ಹುಡುಕಲು ಎಷ್ಟು ಸಂಜೆಗಳು ಬೇಕೆಂದು ಬಲ್ಲ ನಾವು ಮಾತಿಲ್ಲದೆ ನೋಡುತ್ತ ಕುಳಿತೆವು. ಕನ್ನಡದ ಅಕ್ಷರಗಳಿಗೆ 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ದೊರೆತಿತ್ತೆಂಬುದೂ, ನಾವು ಹಿಂದೆ ಬೇರೊಂದು ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿಟ್ಟ ಟಿಪ್ಪಣಿಗಳು ಜಾಲಕ್ಕೆ ಏರಿಸಿದೊಡನೆ ಅರ್ಥವಿಲ್ಲದ ಗುರುತುಗಳಾಗಲು ಯೂನಿಕೋಡ್ ಬಳಸದಿದ್ದುದೇ ಕಾರಣವೆಂಬುದೂ ಅಂದು ತಿಳಿಯಿತು. ಆ ಟಿಪ್ಪಣಿಗಳನ್ನೆಲ್ಲ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಕಲಿತು ಮತ್ತೆ ಹೊಸದಾಗಿ ಹೊಡೆದೆವು.

ಕಲಿಕೆ ಸುಗಮವಾಗಿತ್ತೆಂದು ಹೇಳಲಾರೆವು. ಒಂದು ಆವರಣಚಿಹ್ನೆ ಮುಚ್ಚಲು ಮರೆತು ಮೂರು ಸಂಜೆ ಕಳೆದದ್ದುಂಟು. ಇಂಥ ತಪ್ಪು ಹುಡುಕುವುದರಲ್ಲಿ ನಮ್ಮಲ್ಲಿ ಮೇಷ್ಟರಾದವರಿಗಿಂತ ಗೃಹಿಣಿಯಾದವರೇ ಚುರುಕು. ಅಕ್ಕಿಯಲ್ಲಿ ಕಲ್ಲು ಆರಿಸಿದ ಕಣ್ಣಿಗೆ ಕೋಡಿನ ಸಾಲಿನಲ್ಲಿಯೂ ಕಲ್ಲು ಬೇಗ ಕಾಣುತ್ತದೆ.

ಕೆಲವು ತೊಡಕುಗಳು ಬಹಳ ಸ್ವಾರಸ್ಯವಾಗಿದ್ದವು. ಆಗಸ್ಟ್ ತಿಂಗಳ ಮಳೆಯೆಲ್ಲ ನಮ್ಮ ನಕ್ಷೆಯಲ್ಲಿ ಸೆಪ್ಟೆಂಬರಿಗೆ ಹೋಗಿ ಬೀಳುತ್ತಿತ್ತು. ಜಾವಾಸ್ಕ್ರಿಪ್ಟಿನಲ್ಲಿ ತಿಂಗಳ ಎಣಿಕೆ ಸೊನ್ನೆಯಿಂದ ಆರಂಭ. ಜನವರಿಗೆ ಸೊನ್ನೆ, ಆಗಸ್ಟಿಗೆ ಏಳು. ನಾವು ಎಂಟೆಂದು ಬರೆದದ್ದು ಅದಕ್ಕೆ ಸೆಪ್ಟೆಂಬರ್ ಆಯಿತು. ಇನ್ನೊಮ್ಮೆ ಮನೆಯವರು ಅಭ್ಯಾಸಬಲದಿಂದ ಕನ್ನಡದ ಅಂಕಿಯಲ್ಲಿ ಮಳೆಯನ್ನು ಬರೆದಾಗ ಪರದೆಯ ಮೇಲೆ 'ನಾಟ್ ಎ ನಂಬರ್', ಅಂದರೆ ಇದು ಅಂಕಿಯೇ ಅಲ್ಲ, ಎಂಬ ಉತ್ತರ ಬಂತು. "ನಮ್ಮ ಅಜ್ಜಿ ಇದೇ ಅಂಕಿಯಲ್ಲಿ ಬಡ್ಡಿ ಲೆಕ್ಕ ಹಾಕಿದ್ದರು, ಇದಕ್ಕೆ ಗೊತ್ತಿಲ್ಲದಿದ್ದರೆ ಅದು ಇದರ ದಡ್ಡತನ," ಎಂದು ಅವರು ಪಟ್ಟು ಹಿಡಿದರು. ಕನ್ನಡದ ಹತ್ತು ಅಂಕಿಗಳನ್ನೂ ಗುರುತಿಸಿ ಬದಲಿಸಿಕೊಳ್ಳುವ ಸಣ್ಣದೊಂದು ತುಣುಕನ್ನು ಅಂದೇ ಬರೆಯಬೇಕಾಯಿತು. ಅದು ನಾವು ಯಾರ ನೆರವೂ ಇಲ್ಲದೆ ಬರೆದ ಮೊದಲ ತುಣುಕು.

ಗಣಿತದ ಮೇಷ್ಟರಿಗೆ ದೊಡ್ಡ ಪೆಟ್ಟು ಕೊಟ್ಟದ್ದು ಕೂಡುವ ಲೆಕ್ಕ. ಒಂದು ದಿನ ಹತ್ತು ಸೆಂಟು, ಮರುದಿನ ಇಪ್ಪತ್ತು ಸೆಂಟು ಬಿದ್ದರೆ ಒಟ್ಟು ಮೂವತ್ತು ಸೆಂಟು ತಾನೆ? ನಾವು ಅದನ್ನು ಇಂಚಿನಲ್ಲಿ 0.1 ಮತ್ತು 0.2 ಎಂದು ಬರೆದು ಕೂಡಿಸಿದಾಗ ಯಂತ್ರ ಕೊಟ್ಟ ಉತ್ತರದಲ್ಲಿ ಮೂರರ ಮುಂದೆ ಹದಿನೈದು ಸೊನ್ನೆಗಳೂ ಅವುಗಳ ತುದಿಗೆ ಒಂದು ನಾಲ್ಕೂ ಇದ್ದವು! ಮೂರರಲ್ಲೊಂದು ಪಾಲನ್ನು ನಮ್ಮ ದಶಮಾಂಶದಲ್ಲಿ ಹೇಗೆ ಪೂರ್ಣವಾಗಿ ಬರೆಯಲಾಗದೋ ಹಾಗೆಯೇ ಹತ್ತರಲ್ಲೊಂದು ಪಾಲನ್ನು ಗಣಕದ ಎರಡಂಕಿಯ ಪದ್ಧತಿಯಲ್ಲಿ ಪೂರ್ಣವಾಗಿ ಬರೆಯಲಾಗದು. ಪರಿಹಾರ ತಂದೆಯವರ ಪುಸ್ತಕದಲ್ಲಿಯೇ ಇತ್ತು. ಅವರು ತಿಂಗಳ ಕೊನೆಗೆ ಎಲ್ಲವನ್ನೂ ಸೆಂಟಿಗೆ ಇಳಿಸಿ, ಇಡಿಯ ಅಂಕಿಗಳಲ್ಲಿ ಕೂಡಿ, ಆಮೇಲೆ ಇಂಚು ಮಾಡುತ್ತಿದ್ದರು. ನಾವೂ ಹಾಗೆಯೇ ಮಾಡಿದೆವು, ತಪ್ಪು ಹೋಯಿತು. ಅಡ್ಡಗೆರೆಗೂ ಖಾಲಿ ಜಾಗಕ್ಕೂ ಇರುವ ಭೇದ ಸಹ ಆಗಲೇ ತಿಳಿದದ್ದು. ಖಾಲಿಯನ್ನು ಸೊನ್ನೆಯೆಂದು ಲೆಕ್ಕಕ್ಕೆ ಹಿಡಿದರೆ ಅಳೆಯದ ದಿನವನ್ನು ಮಳೆಯಿಲ್ಲದ ದಿನವೆಂದು ಸುಳ್ಳು ಹೇಳಿದಂತಾಗುತ್ತದೆ. ನಮ್ಮ ಪುಟದಲ್ಲಿ ಎರಡಕ್ಕೂ ಬೇರೆ ಬೇರೆ ಗುರುತು ಇಟ್ಟೆವು. ಇಷ್ಟನ್ನು ಕಲಿತು ನಾವು ಬೀಗಿದ್ದೆವೆಂಬುದನ್ನು ಮುಚ್ಚಿಡುವುದಿಲ್ಲ.

2021ರ ಬೇಸಿಗೆಯ ಹೊತ್ತಿಗೆ ಪುಟ ಸಿದ್ಧವಾಯಿತು. ಬೆಳಿಗ್ಗೆ ತೆರೆದು ಇಂಚು, ಸೆಂಟು ಬರೆದು ಗುಂಡಿ ಒತ್ತಿದರೆ ಹಸಿರು ಬಣ್ಣದಲ್ಲಿ 'ಉಳಿಸಲಾಗಿದೆ' ಎಂದು ಕಾಣಿಸುತ್ತಿತ್ತು. ಕೆಳಗೆ ಹಿಂದಿನ ಐದು ದಿನಗಳ ಒಟ್ಟು ಮಳೆ. ನೆಟ್‌ವರ್ಕ್ ಇಲ್ಲದಿದ್ದರೂ ಪುಟ ತೆರೆಯಲೆಂದು ಮಗಳು ಅದರ ಪ್ರತಿಯೊಂದನ್ನು ಫೋನಿನಲ್ಲಿಯೇ ಇರಿಸುವ ಏರ್ಪಾಡನ್ನು ಹೇಳಿಕೊಟ್ಟಿದ್ದಳು. ಅದಕ್ಕೆ ಸರ್ವಿಸ್ ವರ್ಕರ್ ಎಂದು ಹೆಸರು. ಅವಳು ಮತ್ತೆ ಬೆಂಗಳೂರಿಗೆ ಹೋದಳು. ಅಕ್ಕಪಕ್ಕದ ನಾಲ್ಕು ಮನೆಯವರು ಸಂತೋಷದಿಂದ ಬಳಸತೊಡಗಿದರು. ಅವರಲ್ಲಿ ನಮ್ಮ ಮೇಲಿನ ತೋಟದ ಗೌಡರು ಹಿರಿಯರು. ನಲವತ್ತು ವರ್ಷ ಒಂದು ದಿನವೂ ಬಿಡದೆ ಮಳೆ ಬರೆದವರು. ಅವರ ಮನೆಯ ಹಿಂದೆ ಕಡಿದಾದ ಗುಡ್ಡ. 2018ರ ನಂತರ ಅವರು ತಮ್ಮಷ್ಟಕ್ಕೆ ಒಂದು ನಿಯಮ ಮಾಡಿಕೊಂಡಿದ್ದರು. ಐದು ದಿನದ ಮಳೆ ತಾವು ಗೊತ್ತುಮಾಡಿದ ಅಳತೆ ಮೀರಿದರೆ ಮಕ್ಕಳು ಮುದುಕರನ್ನು ಸೋಮವಾರಪೇಟೆಯ ನೆಂಟರ ಮನೆಗೆ ಕಳುಹಿಸುವುದು. "ಇನ್ನು ಪುಸ್ತಕ ಯಾಕೆ ಮೇಷ್ಟ್ರೇ, ನಿಮ್ಮದೇ ಇದೆಯಲ್ಲ," ಎಂದು ಅವರು ಪುಸ್ತಕ ಬರೆಯುವುದನ್ನು ನಿಲ್ಲಿಸಿದರು. ಆ ಮಾತನ್ನು ನಾವು ಬಹುಮಾನವೆಂದು ತಿಳಿದೆವು.

ಆ ವರ್ಷದ ಜುಲೈನಲ್ಲಿ ಗಾಳಿಮಳೆಗೆ ಮರಗಳು ಉರುಳಿ ವಿದ್ಯುತ್ತು ಹೋಯಿತು. ಅದರ ಬೆನ್ನಿಗೆ ನೆಟ್‌ವರ್ಕ್ ಸಹ ಹೋಯಿತು. ಹದಿಮೂರು ದಿನ ಬರಲಿಲ್ಲ. ಗೌಡರು ಫೋನನ್ನು ಜೀಪಿನ ಬ್ಯಾಟರಿಯಿಂದ ಚಾರ್ಜು ಮಾಡಿಕೊಂಡು, ದಿನವೂ ಮಳೆ ಅಳೆದು, ಮೊಮ್ಮಗನ ಕೈಲಿ ಬರೆಸಿ, ಹಸಿರು ಗುರುತು ಬಂದುದನ್ನು ನೋಡಿಯೇ ಕೊಳವೆಯ ನೀರನ್ನು ಚೆಲ್ಲಿದರು. ಆ ಹಸಿರು ಗುರುತು ಸುಳ್ಳಾಗಿತ್ತು. ಕಾದು ನೋಡುವ ಬೇಸರ ಬಳಸುವವರಿಗೆ ಬೇಡವೆಂದು, ಗುಂಡಿ ಒತ್ತಿದೊಡನೆ 'ಉಳಿಸಲಾಗಿದೆ' ಎಂದು ತೋರಿಸಿ, ಹಿಂದಿನಿಂದ ನಿಧಾನವಾಗಿ ಲೆಕ್ಕವನ್ನು ದೂರದ ಗಣಕಕ್ಕೆ ಕಳುಹಿಸುವಂತೆ ನಾವು ಬರೆದಿದ್ದೆವು. ಕಳುಹಿಸುವುದು ಸಾಧ್ಯವಾಗದಿದ್ದರೆ ಏನೆಂದು ಬರೆದಿರಲಿಲ್ಲ. ಪುಟ ಫೋನಿನಲ್ಲಿತ್ತು, ತೆರೆಯುತ್ತಿತ್ತು, ನಗುತ್ತಿತ್ತು. ಮುಚ್ಚಿದೊಡನೆ ಅಂದಿನ ಲೆಕ್ಕ ಗಾಳಿಗೆ ಹೋಗುತ್ತಿತ್ತು. ಅದಕ್ಕಿಂತ ಭಯಂಕರವಾದುದು ಕೆಳಗಿನ ಒಟ್ಟು. ಹೊಸ ಲೆಕ್ಕ ಎಲ್ಲಿಗೂ ತಲುಪದೆ ಇದ್ದುದರಿಂದ ಅದು ನೆಟ್‌ವರ್ಕ್ ಹೋಗುವ ಮುಂಚಿನ ಐದು ದಿನಗಳ ಸಣ್ಣ ಮೊತ್ತವನ್ನೇ ತೋರಿಸುತ್ತ ಕುಳಿತಿತ್ತು.

ಗೌಡರು ಆ ಮೊತ್ತವನ್ನು ನೋಡಿ, ಇನ್ನೂ ಹೊರಡುವ ಹೊತ್ತಾಗಿಲ್ಲವೆಂದು ಮನೆಯಲ್ಲಿಯೇ ಉಳಿದರು. ಒಂಬತ್ತನೆಯ ದಿನ ಬೆಳಿಗ್ಗೆ ಅವರ ಪತ್ನಿ ಹಳ್ಳಕ್ಕೆ ಹೋಗಿ ಬಂದವರು, "ಫೋನು ಏನಾದರೂ ಹೇಳಲಿ, ಹಳ್ಳದ ನೀರು ಕೆಂಪಾಗಿದೆ. ನಾನು ಮಕ್ಕಳನ್ನು ಕರೆದುಕೊಂಡು ಹೊರಟೆ," ಎಂದರಂತೆ. ಎಲ್ಲರೂ ಹೊರಟರು. ಆ ವರ್ಷ ಗುಡ್ಡ ಜಾರಲಿಲ್ಲ. ಜಾರಿದ್ದರೆ ಎಂಬ ಮಾತನ್ನು ನಾವು ಇಂದಿಗೂ ಪೂರ್ತಿಯಾಗಿ ಯೋಚಿಸಲಾರೆವು.

ನೆಟ್‌ವರ್ಕ್ ಬಂದ ಮೇಲೆ ಅವರು ಫೋನು ಹಿಡಿದು ನಮ್ಮಲ್ಲಿಗೆ ಬಂದರು. ಸಿಟ್ಟಿನಿಂದಲ್ಲ. ಹದಿಮೂರು ಖಾಲಿ ಮನೆಗಳನ್ನು ತೋರಿಸಿ, "ಮೇಷ್ಟ್ರೇ, ಉಳಿಸಲಾಗಿದೆ ಅಂತ ನೀವೇ ಬರೆದಿದ್ದಿರಲ್ಲ?" ಎಂದರು. ಮತ್ತೇನೂ ಹೇಳಲಿಲ್ಲ. ಕಾಫಿ ಕುಡಿದು ಹೋದರು. ಮೂವತ್ತು ವರ್ಷ ಹುಡುಗರಿಗೆ, ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದು ಬರೆಯಿರಿ, ಬರೆದಂತೆ ನಟಿಸಬೇಡಿರೆಂದು ಹೇಳಿದ ಬಾಯಿಗೆ ಅಂದು ಉತ್ತರವಿರಲಿಲ್ಲ. ನಡೆಯಲ್ಲಿ ಇಲ್ಲದ್ದನ್ನು ನುಡಿಯಲ್ಲಿ ತರಬಾರದೆಂದು ಕೇಳಿಕೊಂಡೇ ಬೆಳೆದವರು ನಾವು. ಆ ಮಾತು ಪರದೆಯ ಮೇಲಣ ಒಂದು ಪದಕ್ಕೂ ಸಲ್ಲುತ್ತದೆಂದು ನಮಗೆ ಹೊಳೆದಿರಲಿಲ್ಲ. 'ಉಳಿಸಲಾಗಿದೆ' ಎಂಬುದನ್ನು ನಾವು ಅಲಂಕಾರವೆಂದು ತಿಳಿದಿದ್ದೆವು. ಅದು ಕೊಟ್ಟ ಮಾತಾಗಿತ್ತು.

ಮರುದಿನ ಆ ಪುಟವನ್ನು ಮುಚ್ಚಿದೆವು. ನಾಲ್ಕು ಮನೆಗಳಿಗೂ ನಾವಿಬ್ಬರೂ ಹೋಗಿ, ತಪ್ಪು ನಮ್ಮದೆಂದು ಒಪ್ಪಿಕೊಂಡು, ಪುಸ್ತಕ ಬರೆಯುವುದನ್ನು ಮತ್ತೆ ಆರಂಭಿಸಿರೆಂದು ಕೇಳಿಕೊಂಡೆವು. ಆಮೇಲಿನ ಮೂರು ತಿಂಗಳು ನಾವು ಕಲಿತದ್ದೇ ನಿಜವಾದ ಕಲಿಕೆ. ಬ್ರೌಸರಿನೊಳಗೆ ಇಂಡೆಕ್ಸ್‌ಡ್ ಡಿಬಿ ಎಂಬ ಒಂದು ಉಗ್ರಾಣವಿದೆ. ಪುಟ ಮುಚ್ಚಿದರೂ ಫೋನು ಆರಿಸಿದರೂ ಅದರಲ್ಲಿಟ್ಟದ್ದು ಇರುತ್ತದೆ. ಬರೆದ ಲೆಕ್ಕವನ್ನು ಮೊದಲು ಅಲ್ಲಿಡುವುದು, ನೆಟ್‌ವರ್ಕ್ ಬಂದಾಗ ಅಲ್ಲಿಂದ ಒಂದೊಂದಾಗಿ ಕಳುಹಿಸುವುದು, ತಲುಪಿತೆಂದು ಆ ಕಡೆಯಿಂದ ಉತ್ತರ ಬರುವ ತನಕ ಕಳುಹಿಸಬೇಕಾದವುಗಳ ಸಾಲಿನಿಂದ ತೆಗೆಯದೆ ಇರುವುದು, ಇದು ಹೊಸ ಕ್ರಮ. ಅಂಚೆಯವರು ರಿಜಿಸ್ಟರ್ ಕಾಗದಕ್ಕೆ ಸಹಿ ಮಾಡಿಸಿಕೊಂಡು ಬರುತ್ತಿದ್ದರಲ್ಲ, ಹಾಗೆ.

ಹಸಿರು ಗುರುತಿನ ಜಾಗದಲ್ಲಿ ಮೂರು ಮಾತುಗಳನ್ನು ಇಟ್ಟೆವು. 'ಈ ಫೋನಿನಲ್ಲಿ ಬರೆದಿದೆ, ಇನ್ನೂ ಕಳುಹಿಸಿಲ್ಲ.' 'ಕಳುಹಿಸಲು ಯತ್ನಿಸಿತು, ತಲುಪಲಿಲ್ಲ.' 'ತಲುಪಿದೆ.' ಮೂರನೆಯದು ಆ ಕಡೆಯ ಉತ್ತರ ಬಂದಲ್ಲದೆ ಕಾಣದು. ಐದು ದಿನದ ಮೊತ್ತವನ್ನು ಫೋನಿನಲ್ಲಿರುವ ಲೆಕ್ಕದಿಂದಲೇ ಮಾಡಿ, ಅದರ ಪಕ್ಕದಲ್ಲಿ ಯಾವ ದಿನದಿಂದ ಯಾವ ದಿನದವರೆಗಿನದೆಂದು ಬರೆದೆವು. ಐದರಲ್ಲಿ ಒಂದು ದಿನ ಖಾಲಿಯಿದ್ದರೂ ಮೊತ್ತ ತೋರಿಸುವ ಬದಲು 'ಲೆಕ್ಕ ಪೂರ್ಣವಿಲ್ಲ' ಎಂದು ಹೇಳುವಂತೆ ಮಾಡಿದೆವು. ಒಂದೇ ದಿನಕ್ಕೆ ಮನೆಯ ಇಬ್ಬರು ಬೇರೆ ಬೇರೆ ಅಂಕಿ ಬರೆದರೆ ಒಂದನ್ನು ಅಳಿಸದೆ ಎರಡನ್ನೂ ತೋರಿಸಿ, ಯಾವುದು ಸರಿಯೆಂದು ಮನೆಯವರನ್ನೇ ಕೇಳುವಂತೆ ಮಾಡಿದೆವು. ಫೋನಿನಲ್ಲಿ ಜಾಗ ಕಡಿಮೆಯಾದರೆ ಬ್ರೌಸರ್ ತನ್ನ ಉಗ್ರಾಣವನ್ನೂ ಖಾಲಿ ಮಾಡಬಹುದಾದ್ದರಿಂದ, ಪುಸ್ತಕ ಬಿಡಬೇಡಿರೆಂಬ ಮಾತನ್ನು ಮೊದಲ ಪುಟದಲ್ಲಿಯೇ ಬರೆದೆವು. ಅನಂತರ ಪರೀಕ್ಷೆ. ಮನೆಯವರು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಬರೆಯುವುದು, ಅರ್ಧದಲ್ಲಿ ಆರಿಸುವುದು, ಎರಡು ದಿನ ಬಿಟ್ಟು ತೆರೆಯುವುದು, ಹೀಗೆ ದಿನಕ್ಕೊಂದು ಬಗೆಯಲ್ಲಿ ಅದನ್ನು ಕೆಡಿಸಲು ಯತ್ನಿಸಿದರು. ಕೆಟ್ಟಿತು. ಸರಿಪಡಿಸಿದೆವು. ಮತ್ತೆ ಕೆಟ್ಟಿತು. 2022ರ ಹೂಮಳೆಯ ಹೊತ್ತಿಗೆ ಅವರಿಗೆ ಅದನ್ನು ಕೆಡಿಸಲಾಗಲಿಲ್ಲ.

ಬಂಧುಗಳ ಮನೆಗಳಲ್ಲಿ ಈ ವಿದ್ಯೆ ಕಲಿಯುತ್ತಿರುವ ಮಕ್ಕಳು ಬಹಳ ಮಂದಿ ಇದ್ದಾರೆ. ನಿವೃತ್ತರಾದ ಹಿರಿಯರೂ ಕಲಿಯಬಹುದು. ಮೊಜಿಲ್ಲಾದ ಪಾಠಗಳೂ ಐಐಟಿಗಳ ಎನ್‌ಪಿಟಿಇಎಲ್ ಪಾಠಗಳೂ ಹಣವಿಲ್ಲದೆ ದೊರೆಯುತ್ತವೆ. ನಮ್ಮ ಅನುಭವದಿಂದ ಒಂದೆರಡು ಮಾತು ಹೇಳಬಹುದಾದರೆ, ಮನೆಯಲ್ಲಿ ನಿಜವಾಗಿ ಬೇಕಾದ ಒಂದು ಸಣ್ಣ ಕೆಲಸವನ್ನು ಆರಿಸಿಕೊಂಡು ಕಲಿಯಿರಿ. ದಿನಕ್ಕೊಂದು ಗಂಟೆ ಸಾಕು, ಆದರೆ ಬಿಡಬೇಡಿ. ಪುಟ ಅಂದವಾಗಿ ಕಾಣತೊಡಗಿದ ದಿನ ಮುಗಿಯಿತೆಂದು ತಿಳಿಯಬೇಡಿ. ನೆಟ್‌ವರ್ಕ್ ಕಿತ್ತುಹಾಕಿ ನೋಡಿ. ಅದು ಹೇಳುವ ಒಂದೊಂದು ಮಾತನ್ನೂ ಓದಿ, ಇದು ದಿಟವೇ ಎಂದು ಕೇಳಿಕೊಳ್ಳಿ. ಅದನ್ನು ನಂಬಿ ಯಾರೋ ಒಬ್ಬರು ಕೊಳವೆಯ ನೀರನ್ನು ಚೆಲ್ಲುತ್ತಾರೆ.

ಗೌಡರು ಆ ವರ್ಷವೇ ಮತ್ತೆ ಬಳಸತೊಡಗಿದರು. ಪುಸ್ತಕವೂ ಇರಲಿ, ಫೋನೂ ಇರಲಿ ಎಂಬುದು ಅವರ ಕರಾರು. ಕಳೆದುಹೋದ ಹದಿಮೂರು ದಿನಗಳಿಗೆ ನಮ್ಮ ಮಾಪಕದ ಅಂಕಿಗಳನ್ನು ತುಂಬಿದರೆ ಆಗದೇ ಎಂದು ನಾವು ಕೇಳಿದ್ದೆವು. ನಮ್ಮ ತೋಟಕ್ಕೂ ಅವರ ತೋಟಕ್ಕೂ ಕೂಗಳತೆಯ ದೂರ. ಅವರು ಒಪ್ಪಲಿಲ್ಲ. "ಅಲ್ಲಿ ಬಿದ್ದದ್ದು ಅಲ್ಲಿಯದು. ಇಲ್ಲಿಯದು ನಾನು ಅಳೆದಿದ್ದೆ, ಈಗ ನನ್ನ ಹತ್ತಿರ ಇಲ್ಲ. ಇಲ್ಲದ್ದನ್ನು ಇದೆ ಅಂತ ಬರೆಯೋದು ಬೇಡ," ಎಂದರು.

ಆ ದಿನಗಳಿಗೆ ಏನು ಗುರುತು ಹಾಕುವುದೆಂದು ನಾವಿಬ್ಬರೂ ಬಹಳ ಯೋಚಿಸಿದೆವು. ಮಳೆಯಿಲ್ಲದ ದಿನಕ್ಕೆ ಅಡ್ಡಗೆರೆ, ಅಳೆಯದ ದಿನಕ್ಕೆ ಖಾಲಿ ಜಾಗ. ತಂದೆಯವರ ಪುಸ್ತಕದಲ್ಲಿ ಈ ಎರಡೇ ಇದ್ದವು, ಅವರಿಗೆ ಮೂರನೆಯದು ಬೇಕಾಗಿರಲಿಲ್ಲ. ನಾವು ಒಂದನ್ನು ಸೇರಿಸಬೇಕಾಯಿತು. ಈಗ ಗೌಡರ ಪುಟದಲ್ಲಿ 2021ರ ಜುಲೈ ತೆರೆದರೆ ಹದಿಮೂರು ಮನೆಗಳಲ್ಲಿ ಕೆಂಪು ಚುಕ್ಕೆಗಳಿವೆ. ಬೆರಳಿಟ್ಟರೆ ಒಂದು ಸಾಲು ಕಾಣುತ್ತದೆ: 'ಅಳೆದದ್ದು ಉಂಟು, ನಮ್ಮ ತಪ್ಪಿನಿಂದ ಕಳೆದುಹೋಯಿತು.'